ಅಪ್‌ಡೇಟ್: ಜಪಮಾಲೆ ಹೊತ್ತಿಗೆ ಮಾಯವಾಗುತ್ತಿದ್ದ ಮಗ

ಆಗಮನ ಕಾಲ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಶುರುವಾದಾಗ ಕೇಳಿದ್ದೆ: ಸಂಜೆ ಮಣಿ ಎಣಿಸುತ್ತ ಮನೆಮಂದಿ ಹೇಳುವ ಜಪಮಾಲೆ ಪ್ರಾರ್ಥನೆ ಎಂದರೆ ಹನ್ನೆರಡು ವರ್ಷದ ಮಗ ಮಾಯ, ಅತ್ತೆಯವರಿಗೆ ಸಿಡಿಮಿಡಿ, ಏನು ಮಾಡಲಿ? "ಅವನೇ ನಡೆಸಲಿ" ಎಂದವರೇ ಹೆಚ್ಚು. ಒಪ್ಪಿಸಿದೆವು. ಜಪಮಾಲೆಯ ಐದು ಭಾಗಗಳಾದ ಐದು ರಹಸ್ಯಗಳೂ ತಡೆರಹಿತ ಬಸ್ಸಿನ ವೇಗದಲ್ಲಿ ಮುಗಿದವು. ಕೊನೆಗೆ ಹಿರಿಯರ ಬೆಸಾಂವ್ (ಆಶೀರ್ವಾದ) ಬೇಡುವಾಗ ಅತ್ತೆ ಇನ್ನೂ ಮೂರನೆಯದರಲ್ಲೇ ಇದ್ದರು.

ಕೆಲಸ ಮಾಡಿದ್ದು ಯಾರೂ ಹೇಳದ ಉಪಾಯ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಯಾರಿ ಆರಂಭವಾದ ಮೇಲೆ ಜಪವನ್ನೇ ಅಡುಗೆಮನೆಗೆ ಸಾಗಿಸಿದೆವು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಕಿಡ್ಯೊ ಎಂಬ ತಿಂಡಿ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಹುಡುಗ ಮೊಬೈಲ್ ಮುಟ್ಟುವಂತಿಲ್ಲ, ಓಡುವಂತೆಯೂ ಇಲ್ಲ. ಭಕ್ತಿ ಎಷ್ಟಿತ್ತೋ ದೇವರೇ ಬಲ್ಲ, ಹಾಜರಿಯಂತೂ ಪೂರ್ತಿ.

2024ರಲ್ಲಿ ಯೇಸು, ಮರಿಯ, ಜೋಸೆಫರ ಪವಿತ್ರ ಕುಟುಂಬದ ಹಬ್ಬ ಡಿಸೆಂಬರ್ 29ರ ಭಾನುವಾರ ಬಂತು. ಅಂದು ಚರ್ಚಿನಲ್ಲಿ ಓದಿದ ಶುಭಸಂದೇಶ ಬೈಬಲಿನ ಲೂಕನ 2ನೆಯ ಅಧ್ಯಾಯದ್ದು: ಹನ್ನೆರಡರ ಬಾಲಯೇಸು ಜೆರುಸಲೇಮಿನಲ್ಲೇ ಉಳಿದದ್ದು, ತಂದೆತಾಯಿಗೆ ಅದು ತಿಳಿಯದೆ ಒಂದು ದಿನದ ದಾರಿ ನಡೆದದ್ದು, ಮೂರು ದಿನಗಳ ನಂತರ ದೇವಾಲಯದಲ್ಲಿ ಕಂಡದ್ದು. ಮಗ ನನ್ನತ್ತ ತಿರುಗಿ ಗೆದ್ದವನಂತೆ ಹುಬ್ಬೇರಿಸಿದ. ಅತ್ತೆ ಬಿಡುವವರೇ? "ಯೇಸು ಸಿಕ್ಕಿದ್ದು ದೇವಾಲಯದಲ್ಲಿ. ನೀನು ಸಿಗುವುದು ಕ್ರಿಕೆಟ್ ಮೈದಾನದಲ್ಲಿ" ಎಂದು ಪಿಸುಗುಟ್ಟಿದರು. ಮುಂದಿನ ಬೆಂಚಿನವರು ನಕ್ಕರು.

ಕುಸ್ವಾರ್ ಡಬ್ಬಿ ಖಾಲಿಯಾಗುತ್ತಿದೆ. ಜನವರಿಯಲ್ಲಿ ಅವನ ಕೈಗೆ ಏನು ಕೊಡುವುದೆಂಬ ಚಿಂತೆ ನನ್ನದು. ಬೆಳ್ಳುಳ್ಳಿ ಸುಲಿಯಲು ಬೇಕಾದಷ್ಟಿದೆ ಎಂದು ಅತ್ತೆ ಆಗಲೇ ಹೇಳಿದ್ದಾರೆ.