ಪದಚರ್ಚೆ: ‘ಬಾಡಿ ಕಾಂಪೊಸಿಷನ್’ಗೆ ‘ಮೈಪಾಲು’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ರಗ್ಬಿ ಆಡುವ ಹುಡುಗಿಯರಿಗೆ ನಾನು ವ್ಯಾಯಾಮ ಹೇಳಿಕೊಡುತ್ತೇನೆ. ಹೆಚ್ಚಿನವರು ಕಬಡ್ಡಿಯಿಂದಲೋ ಓಟದಿಂದಲೋ ಈ ಆಟಕ್ಕೆ ಬಂದವರು. ಮಂಡ್ಯ, ಕೋಲಾರ, ತುಮಕೂರು ಕಡೆಯ ಮಕ್ಕಳು. ಅವರೂ ಅವರ ಮನೆಯವರೂ ಓದಿಕೊಳ್ಳುವಂಥ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಕೈ ನಿಂತಿದೆ.

ಮೊದಲನೆಯದು ‘ಬಾಡಿ ಕಾಂಪೊಸಿಷನ್’. ‘ದೇಹ ಸಂಯೋಜನೆ’ ಎಂದು ಬರೆಯುವುದನ್ನು ನೋಡಿದ್ದೇನೆ. ನಮ್ಮ ಮಕ್ಕಳಿಗೆ ಸಂಯೋಜನೆ ಅಂದರೆ ಹಾಡಿಗೆ ರಾಗ ಹಾಕುವುದು. ‘ದೇಹರಚನೆ’ ಶಾಲೆಯ ಪಾಠದ ಕಡೆಗೆ ಎಳೆಯುತ್ತದೆ. ‘ಮೈಕಟ್ಟು’ ನನಗೆ ಬಹಳ ಇಷ್ಟದ ಪದ, ಆದರೆ ಅದು ಕಣ್ಣಿಗೆ ಕಾಣುವ ಆಕಾರದ ಮಾತು. ನನಗೆ ಬೇಕಿರುವುದು ಕಣ್ಣಿಗೆ ಕಾಣದ ಲೆಕ್ಕ: ಇಷ್ಟು ತೂಕದಲ್ಲಿ ಕೊಬ್ಬು ಎಷ್ಟು, ಮೂಳೆ ಎಷ್ಟು, ಉಳಿದದ್ದು ಎಷ್ಟು.

ಈ ಲೆಕ್ಕಕ್ಕೊಂದು ಹೆಸರಿಲ್ಲದೆ ನಮ್ಮಲ್ಲಿ ಎಲ್ಲವೂ ‘ದಪ್ಪ’, ‘ಸಣ್ಣ’ ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. ಊರಿಗೆ ಹೋಗಿ ಬಂದ ಹುಡುಗಿ ‘ಎಷ್ಟು ದಪ್ಪ ಆಗಿದ್ದೀಯೇ’ ಅನ್ನಿಸಿಕೊಂಡು ಬರುತ್ತಾಳೆ, ಆಮೇಲೆ ಎರಡು ವಾರ ರಾತ್ರಿ ಊಟ ಬಿಡುತ್ತಾಳೆ. ಅವಳಿಗೆ ನಾನು ಅಮೆರಿಕದ ಇಲೋನಾ ಮಾಹರ್ ಅವರ ವಿಷಯ ಹೇಳುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ರಗ್ಬಿ ಸೆವೆನ್ಸ್ (ಏಳು ಜನರ ರಗ್ಬಿ) ತಂಡದವರು. ಎತ್ತರ 5 ಅಡಿ 10 ಇಂಚು, ತೂಕ ಸುಮಾರು 90 ಕೆ.ಜಿ. ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಬಿಎಂಐ ಲೆಕ್ಕ ಹಿಡಿದು ಒಬ್ಬರು ಹೀಗಳೆದಾಗ, ಅದರಲ್ಲಿ ಸುಮಾರು 77 ಕೆ.ಜಿ. ಕೊಬ್ಬಲ್ಲದ ತೂಕ ಎಂದು ಅವರೇ ಬಹಿರಂಗವಾಗಿ ಉತ್ತರ ಕೊಟ್ಟರು. ಭಾರತದಲ್ಲಿ ಬಿಎಂಐ 25 ದಾಟಿದರೆ ‘ಬೊಜ್ಜು’ ಎಂದು ಬರೆಯುತ್ತಾರೆ. ನಮ್ಮ ಆ ಪಟ್ಟಿಗೆ ಸೇರಿಸಿದರೆ ಒಲಿಂಪಿಕ್ಸ್ ಪದಕ ಗೆದ್ದ ಈ ಹೆಣ್ಣುಮಗಳು ಬೊಜ್ಜಿನವರು. ಬಿಎಂಐ ಎತ್ತರ ಮತ್ತು ತೂಕ ಎರಡನ್ನೇ ನೋಡುತ್ತದೆ. ಆ ತೂಕ ಯಾವುದರದ್ದು ಎಂದು ಅದು ಕೇಳುವುದೇ ಇಲ್ಲ.

ಹಾಗಾಗಿ ‘ಮೈಪಾಲು’ ಎಂದು ಬರೆದು ನೋಡಿದೆ. ಕೊಬ್ಬು, ಮೂಳೆ, ಉಳಿದದ್ದನ್ನು ಬೇರೆ ಬೇರೆಯಾಗಿ ಅಳೆಯುವ ಡೆಕ್ಸಾ ಸ್ಕ್ಯಾನ್‌ನ ವರದಿಯನ್ನು ‘ಇದು ನಿನ್ನ ಮೈಯ ಪಾಲುಪಟ್ಟಿ’ ಎಂದು ತೋರಿಸಿದ ದಿನ ಮದ್ದೂರಿನ ಹುಡುಗಿಯೊಬ್ಬಳು ಥಟ್ಟನೆ, ‘ಅಂದ್ರೆ ಒಟ್ಟು ಜಮೀನು ಅಷ್ಟೇ ಇದ್ರೂ ಯಾರಿಗೆ ಎಷ್ಟು ಬಂತು ಅನ್ನೋದು ಬೇರೆ ಅಲ್ವಾ ಮೇಡಂ’ ಅಂದಳು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಆದರೂ ‘ಪಾಲು’ ಅಂದಾಗ ಒಡೆದು ಹಂಚುವ ಛಾಯೆ ಬರುತ್ತದೆ. ಅದು ತೊಡಕಾಗುತ್ತದೆಯೇ?

ಎರಡನೆಯದು ಇದಕ್ಕಿಂತ ಕಷ್ಟದ್ದು: ‘ಕೊಬ್ಬು’. ನಮ್ಮಲ್ಲಿ ‘ಅವಳಿಗೆ ಕೊಬ್ಬು’ ಅಂದರೆ ಸೊಕ್ಕು. ಹದಿನೇಳರ ಹುಡುಗಿಯ ಕೈಗೆ ‘ನಿನ್ನ ಕೊಬ್ಬು ಶೇ. 24’ ಎಂದು ಬರೆದುಕೊಟ್ಟರೆ ಅದು ಬೈಗುಳದ ಹಾಗೆಯೇ ಕೇಳಿಸುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹೆಣ್ಣಿನ ಮೈಗೆ ಕೊಬ್ಬು ಬೇಕೇ ಬೇಕು. ಬದುಕಿಗೆ ಬೇಕಾದ ಕನಿಷ್ಠ ಪಾಲೇ ಗಂಡಸರಿಗೆ ಸುಮಾರು ಶೇ. 3, ಹೆಂಗಸರಿಗೆ ಸುಮಾರು ಶೇ. 12. ಆಡುವಷ್ಟಕ್ಕೆ ತಕ್ಕಂತೆ ಉಣ್ಣದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಸ್ಕ್ರಮ್‌ನಲ್ಲಿ (ಎರಡೂ ತಂಡದವರು ಗುಂಪಾಗಿ ಬಿಗಿದುಕೊಂಡು ಎದುರುಬದುರು ತಳ್ಳಾಡುವಲ್ಲಿ) ಹೆಗಲು ಕೊಡುವ ಫಾರ್ವರ್ಡ್‌ಗಳಲ್ಲಿ, ಹಿಂದೆ ನಿಂತು ಚೆಂಡು ಹಿಡಿದು ಓಡುವ ಬ್ಯಾಕ್‌ಗಳಿಗಿಂತ ತೂಕವೂ ಕೊಬ್ಬೂ ಹೆಚ್ಚಿರುವುದು ಸಾಮಾನ್ಯ, ಅದು ತಪ್ಪಲ್ಲ. ‘ಚರ್ಬಿ’ ಎನ್ನೋಣವೆಂದರೆ ಮಟನ್ ಅಂಗಡಿ ನೆನಪಾಗುತ್ತದೆ. ಹಳೆಯ ‘ನೆಣ’ಕ್ಕೆ ಬೈಗುಳದ ಕಳಂಕವಿಲ್ಲ, ಆದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಿಮ್ಮ ಮನೆಗಳಲ್ಲಿ ‘ನೆಣ’ ಇನ್ನೂ ಬಳಕೆಯಲ್ಲಿದೆಯೇ?

ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಲೀನ್ ಮಾಸ್’ ಅನ್ನು ‘ತೆಳು ದ್ರವ್ಯರಾಶಿ’ ಎನ್ನುವುದು ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಗರಡಿಯ ‘ಹುರಿಗಟ್ಟಿದ ಮೈ’ಯಿಂದ ‘ಹುರಿತೂಕ’ ಮಾಡಬೇಕೆಂದು ಆಸೆಯಾಯಿತು. ಆದರೆ ಆ ಲೆಕ್ಕದಲ್ಲಿ ನೀರು, ಕರುಳು, ಯಕೃತ್ತು ಎಲ್ಲವೂ ಬರುತ್ತವೆ, ಬರೀ ಹುರಿಯಲ್ಲ. ಸದ್ಯಕ್ಕೆ ‘ಕೊಬ್ಬಿಲ್ಲದ ತೂಕ’ ಎಂದೇ ಇಟ್ಟಿದ್ದೇನೆ.

ಮೂರನೆಯದರಲ್ಲಿ ಕೆಡುಕೇ ಆಗಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಸ್ನಾಯು’ ಅಂದರೆ ಮಾಂಸಖಂಡ. ಆಯುರ್ವೇದದ ಪರಿಭಾಷೆಯಲ್ಲಿ ಮಾಂಸಖಂಡಕ್ಕೆ ‘ಪೇಶಿ’. ‘ಸ್ನಾಯು’ ಎಂದರೆ ಕೀಲು ಮೂಳೆಗಳನ್ನು ಬಿಗಿದು ಹಿಡಿಯುವ ನಾರು. ನಮ್ಮ ಹುಡುಗಿಯೊಬ್ಬಳ ಮಂಡಿಯ ಅಂಥ ನಾರು, ಅಂದರೆ ಲಿಗಮೆಂಟ್, ಹರಿದಾಗ ಚೀಟಿಯಲ್ಲಿ ‘ಸ್ನಾಯು ಹರಿದಿದೆ’ ಎಂದು ಬರೆದುಕೊಟ್ಟಿದ್ದರು. ಮನೆಯವರು ಸ್ನಾಯು ಸೆಳೆತವಿರಬೇಕೆಂದು ಎಣ್ಣೆ ಹಚ್ಚಿ ನೀವಿ ನೀವಿ ತಿಂಗಳು ಕಳೆದರು. ಇಂಥ ಆಟಗಳಲ್ಲಿ ಮಂಡಿಯ ಈ ಪೆಟ್ಟು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ‘ಅಸ್ಥಿರಜ್ಜು’ ಪಠ್ಯದಲ್ಲಿದೆ, ಬಾಯಲ್ಲಿಲ್ಲ. ನಾನು ‘ಕೀಲಿನ ಕಟ್ಟು’ ಎಂದು ಬರೆದು, ಪಕ್ಕದಲ್ಲೇ ‘ಲಿಗಮೆಂಟ್’ ಎಂದೂ ಬರೆಯಲು ತೀರ್ಮಾನಿಸಿದ್ದೇನೆ. ಇದರಲ್ಲಿ ಮಾತ್ರ ಚೆಂದಕ್ಕಿಂತ ಸ್ಪಷ್ಟತೆ ಮುಖ್ಯ.

‘ಫಿಸಿಕಲ್ ಡಿಮ್ಯಾಂಡ್ಸ್’ಗೆ ‘ದೈಹಿಕ ಬೇಡಿಕೆಗಳು’ ಬೇಡ, ಮನವಿಪತ್ರದ ಧಾಟಿ. ಕಬ್ಬು ನೀರು ಕೇಳುತ್ತದೆ ಅನ್ನುತ್ತೇವಲ್ಲ, ಅದೇ ಕ್ರಿಯಾಪದ ಸಾಕು: ‘ಆಟ ಮೈಯಿಂದ ಕೇಳುವುದು’. ಹದಿನೈದು ಜನರ ಆಟ 80 ನಿಮಿಷ. ಮೇಲ್ಮಟ್ಟದ ಆಟಗಾರ್ತಿ ಅಷ್ಟರಲ್ಲಿ 5ರಿಂದ 6 ಕಿ.ಮೀ. ಓಡಾಡುತ್ತಾಳೆ, ನಡುನಡುವೆ ಎದುರಾಳಿಯನ್ನು ಕೆಡವುತ್ತಾಳೆ, ತಾನೂ ಬಿದ್ದು ಏಳುತ್ತಾಳೆ. ಸೆವೆನ್ಸ್ 7 ನಿಮಿಷದ ಎರಡೇ ಅವಧಿ, ಆದರೆ ಅಷ್ಟೇ ದೊಡ್ಡ ಮೈದಾನಕ್ಕೆ ಏಳೇ ಜನ, ಒಂದೇ ದಿನದಲ್ಲಿ ಎರಡು ಮೂರು ಪಂದ್ಯ. ಸ್ಕ್ರಮ್ ತೂಕ ಕೇಳುತ್ತದೆ, ಸೆವೆನ್ಸ್ ಉಸಿರು ಕೇಳುತ್ತದೆ ಎಂದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಪೇಟೆ ಕಡೆಯ ಗರಡಿಗಳಲ್ಲಿ ಸಾಮು ಮಾಡಿದವರು, ಇಲ್ಲವೇ ಅಂಥ ಮನೆಯವರು ಬಳಗದಲ್ಲಿದ್ದರೆ ಒಂದು ಕೋರಿಕೆ. ತೂಕ ಏರಿಯೂ ಮೈ ಬಿಗಿಯಾದ ಪೈಲ್ವಾನನನ್ನೂ, ಬರೀ ಊದಿದವನನ್ನೂ ಉಸ್ತಾದರು ಯಾವ ಮಾತಿನಿಂದ ಬೇರೆ ಮಾಡುತ್ತಿದ್ದರು? ಆ ಮಾತು ಹೆಣ್ಣುಮಕ್ಕಳಿಗೂ ಒಪ್ಪುವಂಥದ್ದೇ? ಕೈಪಿಡಿ ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತದೆ, ಭಾನುವಾರದೊಳಗೆ ಬರೆದರೆ ಸೇರಿಸಿಕೊಳ್ಳುತ್ತೇನೆ.