ಪದಚರ್ಚೆ: ವಿಶ್ವದ ‘ಉಬ್ಬರ’ಕ್ಕೆ ನಿಮ್ಮ ಒಪ್ಪಿಗೆ ಇದೆಯೇ?

ವಿಶ್ವದ ಆರಂಭದ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ವಿಶ್ವ ಹುಟ್ಟಿದೊಡನೆ ಕ್ಷಣಕ್ಕೂ ಕಡಿಮೆ ಹೊತ್ತಿನಲ್ಲಿ ಭಾರಿ ವೇಗದಲ್ಲಿ ಉಬ್ಬಿದ ಘಟ್ಟಕ್ಕೆ ಇಂಗ್ಲಿಷಿನಲ್ಲಿ ಕಾಸ್ಮಿಕ್ ಇನ್‌ಫ್ಲೇಷನ್ ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ತರುವಲ್ಲಿ ಪದದ ತೊಡಕು ಎದುರಾಗಿದೆ. ಬಲ್ಲವರು ನೆರವಾಗಬೇಕು.

ಇದನ್ನು ‘ಹಿಗ್ಗುವಿಕೆ’ ಅಥವಾ ‘ವಿಸ್ತರಣೆ’ ಎಂದುಬಿಡುವುದು ಸಲ್ಲದು ಎಂಬುದು ನನ್ನ ನಿಲುವು. ವಿಶ್ವ ಸುಮಾರು 1,380 ಕೋಟಿ ವರ್ಷಗಳಿಂದ ಹಿಗ್ಗುತ್ತಲೇ ಇದೆ, ಇಂದಿಗೂ. ಭೌತವಿಜ್ಞಾನಿ ಅಲನ್ ಗೂತ್ 1981ರಲ್ಲಿ ಮಂಡಿಸಿದ ಇನ್‌ಫ್ಲೇಷನ್ ಸಿದ್ಧಾಂತ ಹೇಳುವುದು ಬೇರೊಂದು ಘಟ್ಟದ ಮಾತು. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಲಕ್ಷ ಕೋಟಿ ಚೂರು ಮಾಡಿ, ಆ ಚೂರನ್ನೂ ಇನ್ನೊಮ್ಮೆ ಹಾಗೆಯೇ ಒಡೆದರೆ ಸಿಗುವಷ್ಟು ಹೊತ್ತಿನ ಆಸುಪಾಸಿನಲ್ಲಿ ಅದು ಶುರುವಾಯಿತೆಂದು ಅಂದಾಜು. ವಿಶ್ವ ಮೇಲಿಂದ ಮೇಲೆ ಇಮ್ಮಡಿಯಾಗುತ್ತ, ಕಡಿಮೆಯೆಂದರೂ 1ರ ಮುಂದೆ 26 ಸೊನ್ನೆ ಇಟ್ಟಷ್ಟು ಪಟ್ಟು ಉಬ್ಬಿತು. ಕಣ್ಣೆವೆ ಬಡಿಯುವುದಕ್ಕೂ ಎಷ್ಟೋ ಮೊದಲೇ ಆ ಓಟ ನಿಂತಿತು.

‘ಉಬ್ಬರ’ ನನಗೆ ಹಿಡಿಸಿದೆ. ಆದರೆ ಕಡಲಿನ ಉಬ್ಬರದ ಹಿಂದೆಯೇ ಇಳಿತವಿದೆ, ಹೊಟ್ಟೆಯುಬ್ಬರವೂ ಇಳಿಯುತ್ತದೆ. ವಿಶ್ವವೂ ಮತ್ತೆ ಕುಗ್ಗಿತೇ ಎಂದು ಮಕ್ಕಳು ಕೇಳಿದರೆ? ಇದಕ್ಕೆ ಉತ್ತರ ಹಣದುಬ್ಬರದಲ್ಲಿದೆ ಎನಿಸುತ್ತದೆ. ಹಣದುಬ್ಬರ ತಗ್ಗಿತೆಂದರೆ ಬೆಲೆ ಏರುವ ವೇಗ ತಗ್ಗಿತು ಎಂದರ್ಥ. ಏರಿದ ಬೆಲೆ ಹಳೆಯ ಮಟ್ಟಕ್ಕೆ ಮರಳುವುದಿಲ್ಲ. ವಿಶ್ವದ ಉಬ್ಬರ ಮುಗಿದಾಗಲೂ ಹಾಗೆಯೇ, ಅದು ಪಡೆದ ಗಾತ್ರ ಉಳಿಯಿತು. ಮುಂದಿನ ಹಿಗ್ಗುವಿಕೆ ಅಲ್ಲಿಂದ ಸಾಗಿತು.

ಇನ್ನೊಂದು ವಿಷಯ. ಉಬ್ಬರದ ಹೊತ್ತಿನಲ್ಲಿ ಕ್ವಾಂಟಂ ಏರಿಳಿತಗಳೂ (ಪರಮಾಣುವಿಗಿಂತ ಕಿರಿದಾದ ಮಟ್ಟದಲ್ಲಿ ಶಕ್ತಿಯಲ್ಲಾಗುವ ಸಣ್ಣ ಹೆಚ್ಚುಕಡಿಮೆಗಳು) ಹಿಂಜಿಕೊಂಡು ಹಿರಿದಾದವು, ಅವೇ ಗೆಲಾಕ್ಸಿಗಳಿಗೆ ಬೀಜವಾದವು ಎನ್ನುತ್ತದೆ ಈ ಸಿದ್ಧಾಂತ. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ವಿಶ್ವದ ಎಳವೆಯ ಬಿಸಿಯಿಂದ ಉಳಿದ ಹಿನ್ನೆಲೆ ವಿಕಿರಣದ ತಾಪದಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ಹೆಚ್ಚುಕಡಿಮೆ ಇರುವುದನ್ನು ಕೋಬೆ ಉಪಗ್ರಹ ಕಂಡುಕೊಂಡಿತು. ಆ ಬೀಜಗಳ ಗುರುತೆಂದು ಬಗೆಯಲಾದ ಇದು ಪ್ರಕಟವಾದದ್ದು 1992ರಲ್ಲಿ. ಆ ಬೀಜಗಳಿಂದ ಬೆಳೆದ ಗೆಲಾಕ್ಸಿಗಳ ಹೆಣಿಗೆಯನ್ನು, ಅಂದರೆ ಕಾಸ್ಮಿಕ್ ವೆಬ್ ಅನ್ನು, ‘ವಿಶ್ವಜಾಲ’ ಎಂದರೆ ಇಂದಿನ ಓದುಗರ ಮನಸ್ಸು ನೇರವಾಗಿ ಅಂತರ್ಜಾಲಕ್ಕೆ ಹೋಗುತ್ತದೆ. ಆದ್ದರಿಂದ ‘ವಿಶ್ವದ ಬಲೆ’ ಎಂದು ಬರೆದಿದ್ದೇನೆ. ಅದರ ನೂಲುಗಳಿಗೆ ‘ಎಳೆ’. ನಡುವೆ ಕೋಟ್ಯಂತರ ಜ್ಯೋತಿರ್ವರ್ಷ ಹರಡಿದ ವಿರಳ ಜಾಗಗಳಿಗೆ ‘ಶೂನ್ಯ’ ಎನ್ನಲು ಮನಸ್ಸಾಗಲಿಲ್ಲ, ಅಲ್ಲಿಯೂ ಕೆಲವು ಗೆಲಾಕ್ಸಿಗಳಿವೆ. ‘ಬಯಲು’ ಎಂದರೆ ಹೇಗೆ? ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮರ ಇರುವುದಕ್ಕೆ ಅಡ್ಡಿಯಿಲ್ಲ.

‘ಎಳೆ’, ‘ಬಯಲು’ಗಳ ಬಗ್ಗೆ ನನಗೆ ಅಳುಕಿಲ್ಲ. ‘ಉಬ್ಬರ’ಕ್ಕಿಂತ ಒಪ್ಪುವ ಪದ ನಿಮ್ಮಲ್ಲಿ ಬಳಕೆಯಲ್ಲಿದ್ದರೆ, ಅದನ್ನು ಒಂದು ವಾಕ್ಯದಲ್ಲಿಟ್ಟು ತಿಳಿಸಿ. ಕರಾವಳಿಯವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದನ್ನೂ ಬರೆಯಿರಿ.