ಟರ್ಕಿಯವರಿಗೆ ‘ಗೆಟ್’ ಕಲಿಸುವುದು ಹೇಗೆ?

ಪೆರ್ಲದ ಟ್ಯೂಷನ್ ಟೀಚರ್:

ಎಲ್ಲರಿಗೂ ನಮಸ್ಕಾರ. ಹಗಲು ನಾನು ಊರಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ರಾತ್ರಿ ಆನ್‌ಲೈನಿನಲ್ಲಿ ಹೊರದೇಶದವರಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ. ಈಗ ಇರುವವರಲ್ಲಿ ಒಬ್ಬರು ಟರ್ಕಿಯ ಇಜ್ಮಿರ್ ಊರಿನ ನರ್ಸ್. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಡ್ಯೂಟಿ ಮುಗಿಸಿ ಅವರು ಏಳು ಗಂಟೆಗೆ ಕೂತರೆ ಇಲ್ಲಿ ಒಂಬತ್ತೂವರೆ. ನನ್ನದು ಊಟ ಆಗಿ, ಪಾತ್ರೆ ತೊಳೆದಿಟ್ಟು, ಕರೆಂಟ್ ಇದ್ದರೆ ಕ್ಲಾಸ್.

ವ್ಯಾಕರಣದಲ್ಲಿ ಅವರು ಗಟ್ಟಿ. ಎಡವುವುದು ‘ಗೆಟ್’ ಎಂಬ ಒಂದು ಶಬ್ದದಲ್ಲಿ. ಅವರ ಡಿಕ್ಷನರಿಯಲ್ಲಿ ಅದಕ್ಕೆ ಮೊದಲು ಸಿಗುವ ಅರ್ಥ ‘ಅಲ್ಮಾಕ್’. ಅಂದರೆ ತೆಗೆದುಕೊಳ್ಳು, ಕೊಂಡುಕೊಳ್ಳು. ಅದನ್ನೇ ನಂಬಿಕೊಂಡು ಹೊರಟರೆ ‘ಐ ಗಾಟ್ ಎ ಲೆಟರ್’ ತನಕ ದಾರಿ ಸರಿಯಾಗಿಯೇ ಇದೆ. ‘ಐ ಗಾಟ್ ಟಯರ್ಡ್’ ಬಂದ ಕೂಡಲೇ ನಿಂತುಬಿಡುತ್ತಾರೆ. ದಣಿವನ್ನು ತೆಗೆದುಕೊಳ್ಳುವುದು ಎಲ್ಲಿಂದ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ!

ಆಸ್ಪತ್ರೆಯ ಮಾತುಕತೆ ತೆಗೆದರಂತೂ ಬರೀ ಗೆಟ್ಟೇ. ಗೆಟ್ ಅಪ್. ಗೆಟ್ ಡ್ರೆಸ್ಡ್. ಗೆಟ್ ಬೆಟರ್. ಗೆಟ್ ಯುವರ್ ಬ್ಲಡ್ ಟೆಸ್ಟೆಡ್. ರೋಗಿ ‘ಐ ಡೋಂಟ್ ಗೆಟ್ ಇಟ್’ ಅಂದರೆ ಏನು ಸಿಗಲಿಲ್ಲ ಅಂತ ಇವರು ಹುಡುಕಬೇಕು.

ಅವರು ಬರೆದು ಕಳಿಸಿದ ಮೂರು ವಾಕ್ಯ ನೋಡಿ: ‘ಐ ಗಾಟ್ ಟು ಹೋಮ್ ಲೇಟ್’, ‘ಐ ಗಾಟ್ ಆನ್ ದ ಟ್ಯಾಕ್ಸಿ’, ‘ಐ ಗಾಟ್ ಕಟ್ ಮೈ ಹೇರ್’. ಮೂರನೆಯದ್ದು ಓದಿದರೆ ಕತ್ತರಿ ಕೂದಲಿಗೆ ಹೋಗುವ ಮೊದಲು ಇವರಿಗೇ ತಾಗಿದ ಹಾಗಿದೆ.

ಅರ್ಥಗಳ ದೊಡ್ಡ ಪಟ್ಟಿ ಮಾಡಿ ಕೊಟ್ಟಾಯಿತು. ಬಾಯಿಪಾಠ ಮಾಡುತ್ತಾರೆ, ಮಾತಾಡುವಾಗ ಒಂದೂ ಬಾಯಿಗೆ ಬರುವುದಿಲ್ಲ. ಟರ್ಕಿಷ್ ಗೊತ್ತಿರುವವರು ಯಾರಾದರೂ ಇದ್ದೀರಾ? ಪಟ್ಟಿ ಬಿಟ್ಟು ಬೇರೆ ದಾರಿ ಉಂಟಾ?

ಉಪ್ಪಳ ಬಸ್‌ಸ್ಟ್ಯಾಂಡ್:

ಟರ್ಕಿಷ್ ಗೊತ್ತಿಲ್ಲ ಟೀಚರ್, ಸುಮ್ನೆ ಒಂದು ಮಾತು. ಕನ್ನಡದಲ್ಲಿ ‘ನನಗೆ ಸಿಕ್ಕಿತು’, ಮಲಯಾಳದಲ್ಲಿ ‘ಎನಿಕ್ಕ್ ಕಿಟ್ಟಿ’, ತುಳುವಿನಲ್ಲಿ ‘ಎಂಕ್ ತಿಕ್ಕ್‌ಂಡ್’. ನಮ್ಮ ಮೂರು ಭಾಷೆಯಲ್ಲೂ ವಸ್ತು ತಾನಾಗಿ ನಮ್ಮ ಹತ್ತಿರ ಬರುತ್ತದೆ. ಇಂಗ್ಲಿಷಿನವನು ಮಾತ್ರ ‘ಐ ಗಾಟ್’ ಅಂತ ತಾನೇ ಹೋಗಿ ಹಿಡಿದು ತಂದ ಹಾಗೆ ಹೇಳುತ್ತಾನೆ. ಜ್ವರವನ್ನೂ ಅವನೇ ಹಿಡಿದು ತರುವುದು.

ಹೆಚ್ಚು ಗೊತ್ತಿರುವುದು ನಮ್ಮ ಕುಂಬಳೆಯ ಹಡಗಿನವರಿಗೆ. ಇಲ್ಲಿಯೇ ಎಲ್ಲೋ ಇರಬೇಕು.

ಕುಂಬಳೆ ಎಂಜಿನ್ ರೂಮ್:

ಇದ್ದೇನೆ ಮಾರಾಯ. ರಜೆಯಲ್ಲಿ ಊರಿನಲ್ಲೇ ಇದ್ದೇನೆ.

ಟೀಚರ್, ಇಸ್ತಾಂಬುಲ್ ಪಕ್ಕದಲ್ಲಿ ತುಜ್ಲಾ ಅಂತ ಇದೆ. ಸಾಲಾಗಿ ಹಡಗು ಕಟ್ಟುವ, ರಿಪೇರಿ ಮಾಡುವ ಯಾರ್ಡುಗಳು. ನಮ್ಮ ಹಡಗು ಅಲ್ಲಿ ಡಾಕಿಗೆ ಹತ್ತಿದರೆ ವಾರಗಟ್ಟಲೆ ಅಲ್ಲಿಯ ಮೇಸ್ತ್ರಿಗಳ ಜೊತೆಗೇ ನನ್ನ ಕೆಲಸ. ಮೇಸ್ತ್ರಿಗೆ ಅವರು ‘ಉಸ್ತಾ’ ಅನ್ನುತ್ತಾರೆ. ಉಸ್ತಾನ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನ ಟರ್ಕಿಷ್ ಅದಕ್ಕಿಂತ ಕಡಿಮೆ. ಆದರೆ ನಮ್ಮ ಯೂರೋಪಿನ ಆಫೀಸರುಗಳಿಗಿಂತ ನನಗೆ ಅದು ಬೇಗ ಹತ್ತಿತು. ಯಾಕೆಂದರೆ ಟರ್ಕಿಷ್ ವಾಕ್ಯ ನಮ್ಮ ಕನ್ನಡದ ನಡೆಯಲ್ಲೇ ಹೋಗುತ್ತದೆ. ಕ್ರಿಯಾಪದ ಕೊನೆಗೆ. ‘ಗೆ’, ‘ಇಂದ’, ‘ಅಲ್ಲಿ’ ಎಲ್ಲ ಶಬ್ದದ ಬಾಲಕ್ಕೆ. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ, ನಡಿಗೆ ಮಾತ್ರ ಒಂದೇ. ಹಾಗಾಗಿ ನೀವು ಗೆಟ್ಟನ್ನು ಇಂಗ್ಲಿಷಿನಿಂದ ವಿವರಿಸಲು ಹೋಗಬೇಡಿ. ಆ ವಾಕ್ಯವನ್ನು ನೀವು ಪೆರ್ಲದಲ್ಲಿ ಹೇಗೆ ಹೇಳುತ್ತೀರೋ ಮೊದಲು ಅದನ್ನು ನೋಡಿ. ಹತ್ತರಲ್ಲಿ ಎಂಟು ಸಲ ಟರ್ಕಿಷ್ ಅಲ್ಲೇ ನಿಂತಿರುತ್ತದೆ.

ನಿಮ್ಮ ಮೊದಲ ವಾಕ್ಯ. ‘ಎವ್’ ಅಂದರೆ ಮನೆ, ‘ಎವೆ’ ಅಂದರೆ ಮನೆಗೆ. ಬಾಲದಲ್ಲಿ ಆ ‘ಗೆ’ ಇರುವುದರಿಂದಲೇ ಅವರು ‘ಟು ಹೋಮ್’ ಬರೆದದ್ದು. ನಮ್ಮ ಮಕ್ಕಳೂ ಅದನ್ನೇ ಬರೆಯುತ್ತಾರೆ, ಅಲ್ವಾ? ಹೋಮ್, ಹಿಯರ್, ದೇರ್, ಈ ಮೂರರ ಹಿಂದೆ ಟು ಬೇಡ ಅಂತ ಹೇಳಿ ಮುಂದೆ ಹೋಗಿ.

ಟ್ಯಾಕ್ಸಿಯದ್ದೂ ಅದೇ ಕಥೆ. ‘ಓತೊಬ್ಯುಸೆ ಬಿಂದಿಮ್’ ಅಂದರೆ ಬಸ್ಸಿಗೆ ಹತ್ತಿದೆ. ‘ತಾಕ್ಸಿಯೆ ಬಿಂದಿಮ್’ ಅಂದರೆ ಟ್ಯಾಕ್ಸಿಗೆ ಹತ್ತಿದೆ. ಇಳಿಯುವಾಗ ‘ಓತೊಬ್ಯುಸ್ತೆನ್ ಇಂದಿಮ್’, ಬಸ್ಸಿನಿಂದ ಇಳಿದೆ. ಅವರಿಗೂ ನಮಗೂ ಹತ್ತುವುದು ಒಂದೇ, ಇಳಿಯುವುದು ಒಂದೇ. ಇಂಗ್ಲಿಷಿನವರಿಗೆ ಮಾತ್ರ ಒಳಗೆ ಎದ್ದು ನಡೆದಾಡಬಹುದಾದ ಬಸ್ಸು, ರೈಲು, ಹಡಗು, ವಿಮಾನಕ್ಕೆ ‘ಆನ್’. ತಲೆ ತಗ್ಗಿಸಿ ಹೊಕ್ಕು ಕೂತೇ ಇರಬೇಕಾದ ಕಾರು, ಟ್ಯಾಕ್ಸಿಗೆ ‘ಇನ್’. ಬೈಕು, ಕುದುರೆ ಮತ್ತೆ ‘ಆನ್’. ಇಷ್ಟು ಹೇಳಿದರೆ ಸಾಕು.

ಇನ್ನು ದಣಿವಿನ ವಿಷಯ. ಗೆಟ್ ಆದ ಮೇಲೆ ಗುಣ ಅಥವಾ ಸ್ಥಿತಿ ಹೇಳುವ ಶಬ್ದ ಬಂದರೆ ಅದು ನಮ್ಮ ‘ಆಗು’. ಟರ್ಕಿಷಿನಲ್ಲಿ ಒಂದೋ ‘ಓಲ್ಮಾಕ್’, ಅಂದರೆ ಆಗು, ಇಲ್ಲವಾದರೆ ಶಬ್ದಕ್ಕೇ ಒಂದು ಬಾಲ. ‘ಹಸ್ತಾ’ ಅಂದರೆ ಕಾಯಿಲೆಯವರು. ‘ಹಸ್ತಾ ಓಲ್ದುಮ್’ ಅಂದರೂ ಆಯಿತು, ‘ಹಸ್ತಾಲಾಂದಿಮ್’ ಅಂದರೂ ಆಯಿತು. ‘ಇಯಿ’ ಅಂದರೆ ಒಳ್ಳೆಯದು, ‘ಇಯಿಲೆಶ್ಮೆಕ್’ ಅಂದರೆ ಗುಣವಾಗು, ನಿಮ್ಮ ಗೆಟ್ ಬೆಟರ್. ಕೆಲವಕ್ಕೆ ನೇರ ಕ್ರಿಯಾಪದವೇ ಇದೆ. ‘ಯೋರುಲ್ದುಮ್’ ಅಂದರೆ ದಣಿದೆ. ‘ಅಜಿಕ್ತಿಮ್’ ಅಂದರೆ ಹಸಿವಾಯಿತು. ಮಳೆಗೆ ನಾವು ಚಂಡಿಯಾದೆವು ಅನ್ನುತ್ತೇವೆ, ಅವರು ‘ಇಸ್ಲಾಂದಿಕ್’ ಅನ್ನುತ್ತಾರೆ, ಇಂಗ್ಲಿಷಿನವರು ‘ವಿ ಗಾಟ್ ವೆಟ್’. ಮದುವೆಯಾಗುವುದಕ್ಕೆ ‘ಎವ್ಲೆನ್ಮೆಕ್’. ಮನೆಯ ‘ಎವ್’ ಇದೆಯಲ್ಲ, ಅದಕ್ಕೇ ಬಾಲ ಸೇರಿಸಿದ್ದು. ಮನೆಯಾಯಿತು ಅಂದರೆ ಮದುವೆಯಾಯಿತು. ನಮ್ಮ ಉಸ್ತಾ ಮಗಳ ಮದುವೆ ಸುದ್ದಿ ಹೇಳಿ ಎಲ್ಲರಿಗೂ ಬಕ್ಲಾವಾ ಹಂಚಿದ ದಿನ ಅದು ನನ್ನ ತಲೆಯಲ್ಲಿ ಕೂತದ್ದು.

ನಿಜವಾಗಿ ಸಮಯ ಕೊಡಬೇಕಾದ್ದು ಕೂದಲಿನ ವಾಕ್ಯಕ್ಕೆ. ‘ಕೆಸ್ತಿಮ್’ ಅಂದರೆ ಕತ್ತರಿಸಿದೆ. ‘ಕೆಸ್ತಿರ್ದಿಮ್’ ಅಂದರೆ ಬೇರೆಯವರಿಂದ ಕತ್ತರಿಸಿಕೊಂಡೆ. ‘ಯಾಪ್ತಿಮ್’ ಮಾಡಿದೆ, ‘ಯಾಪ್ತಿರ್ದಿಮ್’ ಮಾಡಿಸಿದೆ. ಒಳಗೆ ಬಂದ ಆ ‘ತಿರ್’ ಇದೆಯಲ್ಲ, ಅದು ನಮ್ಮ ‘ಇಸು’. ಹೊಲಿ–ಹೊಲಿಸು, ಕಟ್ಟು–ಕಟ್ಟಿಸು. ಅವರಿಗೂ ಹಾಗೇ. ಹತ್ತುವ ‘ಬಿನ್’ಗೆ ಹತ್ತಿಸುವ ‘ಬಿಂದಿರ್’. ಇಳಿಯುವ ‘ಇನ್’ಗೆ ಇಳಿಸುವ ‘ಇಂದಿರ್’. ಅವರ ವೆಬ್‌ಸೈಟುಗಳಲ್ಲಿ ಡೌನ್‌ಲೋಡ್ ಬಟನ್ ಮೇಲೆ ಬರೆದಿರುವುದೂ ಇದೇ ‘ಇಂದಿರ್’. ನಾವೂ ಫೈಲ್ ಇಳಿಸಿಕೊಳ್ಳುತ್ತೇವೆ ತಾನೇ? ‘ಅನ್ಲಾಮಾಕ್’ ಅಂದರೆ ತಿಳಿ, ‘ಅನ್ಲಾತ್ಮಾಕ್’ ಅಂದರೆ ತಿಳಿಸು. ಇಂಗ್ಲಿಷಿನವನಿಗೆ ಇದಕ್ಕೆ ಅಂಡರ್‌ಸ್ಟ್ಯಾಂಡ್, ಎಕ್ಸ್‌ಪ್ಲೇನ್ ಅಂತ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಶಬ್ದ ಬೇಕು.

ಅವರ ‘ತಿರ್’ ಇಂಗ್ಲಿಷಿನಲ್ಲಿ ಗೆಟ್ ಆಗಿ ಬೇರೆ ನಿಲ್ಲುತ್ತದೆ, ವಸ್ತು ನಡುವೆ ಬರುತ್ತದೆ, ಕೆಲಸ ಕೊನೆಗೆ ಹೋಗುತ್ತದೆ. ಗಾಟ್, ಮೈ ಹೇರ್, ಕಟ್. ಈ ಮೂರು ತುಂಡನ್ನು ಮೂರು ಚೀಟಿಯಲ್ಲಿ ಬರೆದು ಕ್ಯಾಮೆರಾ ಮುಂದೆ ಜೋಡಿಸಿ ತೋರಿಸಿ. ನಡುವಿನ ಚೀಟಿ ಬದಲಾಯಿಸುತ್ತಾ ಹೋಗಿ. ‘ಗೆಟ್ ಯುವರ್ ಬ್ಲಡ್ ಟೆಸ್ಟೆಡ್’ ಅಂದರೆ ‘ಕಾನ್ ತಹ್ಲಿಲಿ ಯಾಪ್ತಿರಿನ್’, ರಕ್ತ ಪರೀಕ್ಷೆ ಮಾಡಿಸಿ. ನರ್ಸಮ್ಮ ದಿನಾ ಹೇಳುವ ಮಾತೇ.

ಒಂದು ಕಡೆ ಕನ್ನಡ ಕೈಕೊಡುತ್ತದೆ, ಜಾಗ್ರತೆ. ಪರ್ಸ್ ಕಳವಾದರೆ ಟರ್ಕಿಯವರು ‘ಚಾಲ್ದಿರ್ದಿಮ್’ ಅನ್ನುತ್ತಾರೆ. ಅದರಲ್ಲೂ ಅದೇ ‘ತಿರ್’. ಕನ್ನಡಕ್ಕೆ ಹಾಗೆಯೇ ತಂದರೆ ‘ಪರ್ಸ್ ಕದಿಸಿದೆ’ ಆಗುತ್ತದೆ, ಪೊಲೀಸಿನವರು ನಿಮ್ಮನ್ನೇ ಕೂರಿಸಿಕೊಳ್ಳುತ್ತಾರೆ. ಅವರ ಅರ್ಥ, ನನ್ನ ಅಜಾಗ್ರತೆಯಿಂದ ಕಳವಾಯಿತು ಅಂತ. ಆದರೆ ಇಂಗ್ಲಿಷಿನ ‘ಐ ಗಾಟ್ ಮೈ ಪರ್ಸ್ ಸ್ಟೋಲನ್’ ಇದಕ್ಕೆ ಸರಿಯಾಗಿ ಕೂರುತ್ತದೆ. ಅವರು ಹಾಗೆ ಬರೆದರೆ ಕೆಂಪು ಗೆರೆ ಎಳೆಯಬೇಡಿ.

ಮುಳ್ಳೇರಿಯದ ಹಳೇ ಮಾಷ್ಟ್ರು:

ಎಂಜಿನ್ ರೂಮಿನವರ ಪಾಠ ಚೆನ್ನಾಗಿದೆ. ನನ್ನದೊಂದು ತಕರಾರು ಉಂಟು.

‘ತಿರ್’ಗೆ ಗೆಟ್ ಅಂತ ಮಾತ್ರ ಕಲಿಸಿ ನಿಲ್ಲಿಸಬೇಡಿ. ‘ತಮ್ಮನಿಂದ ಮಾಡಿಸಿದೆ’ ಅಂದಾಗ ಗದರಿಸಿ ಮಾಡಿಸಿದ್ದೋ, ದುಡ್ಡು ಕೊಟ್ಟು ಮಾಡಿಸಿದ್ದೋ, ಪುಸಲಾಯಿಸಿ ಮಾಡಿಸಿದ್ದೋ ‘ಇಸು’ ಹೇಳುವುದಿಲ್ಲ. ಇವರು ಹೇಳಿದ್ದನ್ನು ನೋಡಿದರೆ ‘ತಿರ್’ ಕೂಡ ಹೇಳುವುದಿಲ್ಲ. ಇಂಗ್ಲಿಷ್ ಇಲ್ಲಿ ದಾರಿ ಕವಲು ಮಾಡುತ್ತದೆ. ಗದರಿಸಿದರೆ ‘ಐ ಮೇಡ್ ಹಿಮ್ ಡು ಇಟ್’. ಕೆಲಸದವರಿಗೆ ಹೇಳಿದರೆ ‘ಐ ಹ್ಯಾಡ್ ಹಿಮ್ ಡು ಇಟ್’. ಹೇಗೋ ಒಪ್ಪಿಸಿದರೆ ‘ಐ ಗಾಟ್ ಹಿಮ್ ಟು ಡು ಇಟ್’. ಈ ಟು ಗೆಟ್ಟಿಗೆ ಮಾತ್ರ. ನರ್ಸಿಗೆ ಇದು ಮುಖ್ಯ. ಹಟ ಮಾಡುವ ಅಜ್ಜನಿಗೆ ಮಾತ್ರೆ ನುಂಗಿಸಿದ್ದು ‘ಮೇಡ್’ ಆದರೆ ದೂರು ಬಂದೀತು, ‘ಗಾಟ್’ ಆದರೆ ಮೆಚ್ಚುಗೆ.

ಇನ್ನೊಂದು, ಗೆಟ್ ಆಡುಮಾತಿನ ಶಬ್ದ. ಕೇಳಿ ಅರ್ಥವಾಗಬೇಕು, ಬಾಯಿಗೂ ಬರಬೇಕು. ರಿಪೋರ್ಟಿನಲ್ಲಿ ಬರೆಯುವಾಗ ರಿಸೀವ್ಡ್, ಅರೈವ್ಡ್, ಇಂಪ್ರೂವ್ಡ್ ಇರಲಿ.

ಹಾಗೆಯೇ ಒಂದು ಸಣ್ಣ ಸಂಗತಿ. ಟರ್ಕಿಯವರು ಅರಬ್ಬಿ ಲಿಪಿ ಬಿಟ್ಟು ಈಗಿನ 29 ಅಕ್ಷರಗಳಿಗೆ ಬರುವ ಕಾನೂನು ಮಾಡಿದ್ದು 1928ರ ನವೆಂಬರ್ 1ರಂದು. 1956ರ ಅದೇ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ತಾರೀಕು ಒಂದೇ ಅನ್ನುವುದು ಬಿಟ್ಟರೆ ಸಂಬಂಧ ಏನೂ ಇಲ್ಲ. ಆದರೂ ಲಿಪಿಯ ವಿಷಯ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಪೆರ್ಲದ ಟ್ಯೂಷನ್ ಟೀಚರ್:

ಮಾಷ್ಟ್ರೇ, ಎಂಜಿನ್ ರೂಮಿನ ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಚೀಟಿ ಆಟ ಆಡಿಸಿದೆ. ಹಳೇ ಮದುವೆ ಕಾಗದದ ಹಿಂಬದಿಯಲ್ಲಿ ದಪ್ಪ ಪೆನ್ನಿನಲ್ಲಿ ಬರೆದದ್ದು. ನಡುವಿನ ಚೀಟಿಗೆ ಹೇರ್ ತೆಗೆದು ಕಾರ್ ಇಟ್ಟೆ, ಆಮೇಲೆ ಯೂನಿಫಾರ್ಮ್ ಇಟ್ಟೆ. ‘ತಿರ್, ತಿರ್’ ಅಂತ ಅವರೇ ಕೂಗಿದರು! ಕನ್ನಡದಲ್ಲಿ ಏನನ್ನುತ್ತೀರಿ ಅಂತ ಕೇಳಿದರು. ಹೊಲಿ, ಹೊಲಿಸು ಅಂದೆ. ಹೇಳಲು ಹೋಗಿ ಅವರ ಬಾಯಲ್ಲಿ ಅದು ‘ಹೊಲೀಸು’ ಆಯಿತು.

ಗೆಟ್ ವೆಲ್ ಸೂನ್ ಅನ್ನುವುದಕ್ಕೆ ಅವರಲ್ಲಿ ‘ಗೆಚ್ಮಿಶ್ ಓಲ್ಸುನ್’ ಅನ್ನುತ್ತಾರಂತೆ. ಕಳೆದುಹೋಗಲಿ ಅಂತ ಅರ್ಥ. ಅದರಲ್ಲಿ ಗೆಟ್ಟೂ ಇಲ್ಲ, ವೆಲ್ಲೂ ಇಲ್ಲ. ಹಾಗಾಗಿ ಅದನ್ನು ಇಡಿಯಾಗಿ ಬಾಯಿಪಾಠ ಮಾಡಿ ಅಂದುಬಿಟ್ಟೆ.

ಮೇಡ್, ಹ್ಯಾಡ್, ಗಾಟ್ ಮೂರಕ್ಕೂ ಆಸ್ಪತ್ರೆಯದ್ದೇ ಸಂದರ್ಭ ಬರೆದುಕೊಂಡು ಬನ್ನಿ ಅಂತ ಕೆಲಸ ಕೊಟ್ಟಿದ್ದೇನೆ. ಈಗ ಹೊಸ ಗಂಟು. ‘ಐ ಗಾಟ್ ಯೂಸ್ಡ್ ಟು ನೈಟ್ ಡ್ಯೂಟಿ’ ಮತ್ತು ‘ಐ ಯೂಸ್ಡ್ ಟು ಡು ನೈಟ್ ಡ್ಯೂಟಿ’ ಎರಡನ್ನೂ ಕಲಸಿ ಒಂದು ಮಾಡಿದ್ದಾರೆ. ಇದಕ್ಕೂ ಕನ್ನಡದ ದಾರಿ ಉಂಟಾ ಅಣ್ಣಾ?

ಕುಂಬಳೆ ಎಂಜಿನ್ ರೂಮ್:

ಉಂಟು, ಇದು ಸುಲಭ. ಮೊದಲನೆಯದ್ದು ‘ಒಗ್ಗು’. ಟರ್ಕಿಷಿನಲ್ಲಿ ‘ಅಲಿಶ್ಮಾಕ್’. ನಾವು ಮಳೆಗೆ ಒಗ್ಗಿದೆ ಅನ್ನುತ್ತೇವೆ, ಅವರು ‘ಯಾಮುರಾ ಅಲಿಶ್ತಿಮ್’ ಅನ್ನುತ್ತಾರೆ. ‘ಯಾಮುರ್’ ಮಳೆ, ಬಾಲದ ‘ಆ’ ನಮ್ಮ ‘ಗೆ’. ಯೂಸ್ಡ್ ಆದ ಮೇಲೆ ಬರುವ ‘ಟು’ ಈ ‘ಗೆ’ಯೇ. ಅದಕ್ಕೇ ಅದರ ಮುಂದೆ ಮಳೆ, ಚಳಿ, ನೈಟ್ ಡ್ಯೂಟಿ ಹೀಗೆ ಹೆಸರೇ ಬರಬೇಕು. ಕೆಲಸ ಬಂದರೆ ‘ವರ್ಕಿಂಗ್’ ಅಂತ ಇಂಗ್ ಸೇರಿಸಬೇಕು.

ಎರಡನೆಯದ್ದರಲ್ಲಿ ಒಗ್ಗುವ ಮಾತೇ ಇಲ್ಲ. ಹಿಂದೆ ಮಾಡುತ್ತಿದ್ದೆ, ಈಗ ಇಲ್ಲ, ಅಷ್ಟೇ. ಅವರು ‘ಎಸ್ಕಿದೆನ್’ ಅಂತ ಸುರು ಮಾಡುತ್ತಾರೆ, ಮೊದಲೆಲ್ಲ ಅಂತ ಅರ್ಥ. ‘ಎಸ್ಕಿದೆನ್ ಚಾಯ್ ಇಚೆರ್ದಿಮ್’, ಮೊದಲೆಲ್ಲ ಚಹಾ ಕುಡಿಯುತ್ತಿದ್ದೆ. ಟರ್ಕಿಯವರು ಚಹಾ ಬಿಟ್ಟದ್ದು ನಾನಂತೂ ನೋಡಿಲ್ಲ, ಉದಾಹರಣೆಗೆ ಬೇರೆ ಏನಾದರೂ ಹಾಕಿಕೊಳ್ಳಿ. ವಾಕ್ಯದ ಮುಂದೆ ‘ಎಸ್ಕಿದೆನ್’ ಇಟ್ಟು ನೋಡಲು ಹೇಳಿ. ಕೂತರೆ ಗೆಟ್ ಬೇಡ. ಕೂರದಿದ್ದರೆ ಗೆಟ್ ಬೇಕು.